ಆರತಕ್ಷತೆಗೆ ಲೈವ್ ಬ್ಯಾಂಡೋ, ರಸಮಂಜರಿಯೋ, ಸ್ಯಾಕ್ಸೋಫೋನೋ?

ಮದುವೆ ದಿನ ಗೊತ್ತಾಯಿತು, ಹಾಲ್ ಬುಕ್ ಆಯಿತು, ಅಡುಗೆಯವರಿಗೆ ಹೇಳಿಯೂ ಆಯಿತು. ಆಮೇಲೆ ಮನೆಯಲ್ಲಿ ಶುರುವಾಗುವ ಚರ್ಚೆ ಸಂಗೀತದ್ದು. ಹುಡುಗನಿಗೆ ಲೈವ್ ಬ್ಯಾಂಡ್ ಬೇಕು. ಅವನ ತಂಗಿಗೆ ಡಿಜೆ. ದೊಡ್ಡಪ್ಪನಿಗೆ ಸ್ಯಾಕ್ಸೋಫೋನ್ ಇಲ್ಲದಿದ್ದರೆ ಮದುವೆ ಅಂತಲೇ ಅನ್ನಿಸುವುದಿಲ್ಲ. ಅಪ್ಪ ಕೇಳುವುದು ಒಂದೇ ಮಾತು, ಎಷ್ಟಾಗ್ತದೆ?

ನಾನು ಕೆಲವು ವರ್ಷ ಮಂಗಳೂರು, ಉಡುಪಿಯ ಮದುವೆಗಳಲ್ಲಿ ಕೀಬೋರ್ಡ್ ನುಡಿಸಿದ್ದೇನೆ. ಈಗ ನುಡಿಸುವುದು ಕಡಿಮೆ. ಆದರೆ ನೆಂಟರು, ಗೆಳೆಯರು ಮದುವೆ ಇಟ್ಟುಕೊಂಡಾಗ ಫೋನ್ ಮಾಡಿ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ದುಡ್ಡಿನ ಲೆಕ್ಕ ಆಮೇಲೆ ಹಾಕಿ. ಬಂದ ಜನ ಆ ಎರಡು ಮೂರು ಗಂಟೆ ಏನು ಮಾಡುತ್ತಾರೆ ಅಂತ ಮೊದಲು ಯೋಚಿಸಿ. ಕೂತು ಮಾತಾಡುತ್ತಾರಾ, ಸಾಲಿನಲ್ಲಿ ನಿಲ್ಲುತ್ತಾರಾ, ಕುಣಿಯುತ್ತಾರಾ? ಇದಕ್ಕೆ ಉತ್ತರ ಸಿಕ್ಕಿದರೆ ಅರ್ಧ ಆಯ್ಕೆ ಆದ ಹಾಗೆ. ಇನ್ನರ್ಧ ಹಾಲ್ ನೋಡಿದ ಮೇಲೆ ತಾನಾಗಿಯೇ ಗೊತ್ತಾಗುತ್ತದೆ.

ನಿಮ್ಮ ರಿಸೆಪ್ಷನ್ ಯಾವ ಥರದ್ದು?

ನಮ್ಮ ಕಡೆಯ ಹಿಂದೂ ಮದುವೆಗಳ ಆರತಕ್ಷತೆ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ನಡೆಯುತ್ತದೆ. ಮದುಮಕ್ಕಳು ವೇದಿಕೆಯ ಮೇಲೆ ನಿಂತಿರುತ್ತಾರೆ. ಕೆಳಗಿನಿಂದ ಉದ್ದ ಸಾಲು. ಕವರ್ ಕೊಟ್ಟು, ಫೋಟೋ ತೆಗೆಸಿಕೊಂಡು, ಇಳಿದು ಊಟಕ್ಕೆ. ಉಳಿದವರು ಕುರ್ಚಿಯಲ್ಲಿ ಕೂತು ಮಾತಾಡುತ್ತಾರೆ. ಮುಂಬೈಯಿಂದ ಬಂದ ಚಿಕ್ಕಮ್ಮ, ದುಬೈಯಿಂದ ಬಂದ ಭಾವ, ವರ್ಷಕ್ಕೊಮ್ಮೆ ಸಿಗುವವರು. ಅವರಿಗೆ ಮಾತಾಡಲಿಕ್ಕೆ ಸಿಗುವುದು ಅದೇ ಹೊತ್ತು. ಇಲ್ಲಿ ಸಂಗೀತದ ಕೆಲಸ ಹಾಲ್‌ಗೆ ಒಂದು ಕಳೆ ಕೊಡುವುದು, ಮಾತು ನಿಲ್ಲಿಸುವುದಲ್ಲ. "ಎಂತ ಸೌಂಡ್ ಮಾರ್ರೆ, ಕಿವಿ ಹೋಯ್ತು" ಅಂತ ಹಿರಿಯರು ಎದ್ದು ಹೊರಗೆ ವರಾಂಡದಲ್ಲಿ ನಿಂತುಕೊಳ್ಳುವುದನ್ನು ನಾನು ವೇದಿಕೆಯ ಮೇಲಿನಿಂದ ಎಷ್ಟೋ ಸಲ ನೋಡಿದ್ದೇನೆ. ಅವರನ್ನೇ ಕರೆಯಲಿಕ್ಕೆ ಮನೆಮನೆಗೆ ಹೋಗಿ ಕಾಗದ ಕೊಟ್ಟಿರುತ್ತೇವೆ, ಅಲ್ವಾ?

ಕ್ರಿಶ್ಚಿಯನ್ ಮದುವೆಯ ರಿಸೆಪ್ಷನ್ ಪೂರ್ತಿ ಬೇರೆ. ಸಂಜೆ ಚರ್ಚ್‌ನಲ್ಲಿ ಪೂಜೆ ಮುಗಿಸಿ ಜನ ಹಾಲ್‌ಗೆ ಬರುತ್ತಾರೆ. ಅಲ್ಲಿಂದ ಮುಂದೆ ಎಲ್ಲವೂ ಕಾರ್ಯಕ್ರಮ. ಮದುಮಕ್ಕಳ ಪ್ರವೇಶ, ಕೇಕ್, ಟೋಸ್ಟ್ (ಗ್ಲಾಸ್ ಎತ್ತಿ ಹಾರೈಸುವುದು), ಮೊದಲ ಡ್ಯಾನ್ಸ್, ಆಮೇಲೆ ಎಲ್ಲರೂ ಫ್ಲೋರ್‌ಗೆ. ವಾಲ್ಟ್ಜ್, ಜೈವ್, ಕೊನೆಗೆ ಬೈಲಾ, ಅಂದರೆ ಕೊಂಕಣಿಯ ಕುಣಿತದ ಹಾಡು. ಎಂಸಿ, ಅಂದರೆ ಕಾರ್ಯಕ್ರಮ ನಡೆಸಿಕೊಡುವವ, ಮಾತಾಡುತ್ತಾನೆ, ಬ್ಯಾಂಡ್ ಅವನ ಮಾತು ಹಿಡಿದುಕೊಂಡು ನುಡಿಸುತ್ತದೆ. ಇಬ್ಬರಲ್ಲಿ ಒಬ್ಬರು ತಪ್ಪಿದರೂ ಇಡೀ ಸಂಜೆ ಸಡಿಲವಾಗುತ್ತದೆ.

ಹಾಗಾಗಿ ಒಂದೇ ಬ್ಯಾಂಡ್ ಎರಡೂ ಕಡೆ ಚೆನ್ನಾಗಿ ನಡೆಯುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ಮಂಗಳೂರಿನ ಬಿಜೈಯ ಕ್ರಿಶ್ಚಿಯನ್ ಮದುವೆಯಲ್ಲಿ ಫ್ಲೋರ್ ತುಂಬಿಸಿದ ತಂಡ ಬ್ರಹ್ಮಾವರದ ಆರತಕ್ಷತೆಯಲ್ಲಿ ಯಾರೂ ಕೇಳದೆ ಹೋಗಬಹುದು. ತಂಡ ಒಳ್ಳೆಯದೇ. ಜಾಗ ಬೇರೆ.

ಈಗ ಮೂರನೆಯ ಥರವೂ ಬಂದಿದೆ. ಮದರಂಗಿ ರಾತ್ರಿ ಮನೆಯಂಗಳದಲ್ಲಿ ಕುಣಿತ, ಮರುದಿನ ಮುಹೂರ್ತ ಮತ್ತು ಮಧ್ಯಾಹ್ನದ ಊಟ, ಸಂಜೆ ರಿಸೆಪ್ಷನ್. ಇಂಥ ಮನೆಯವರಿಗೆ ನಾನು ಹೇಳುವುದು, ಕುಣಿತವನ್ನೆಲ್ಲ ಮದರಂಗಿಗೇ ಇಟ್ಟುಬಿಡಿ. ಅದಕ್ಕೆ ಡಿಜೆ ಸಾಕು. ರಿಸೆಪ್ಷನ್‌ಗೆ ಮೆಲ್ಲಗಿನ ಸಂಗೀತ ಇರಲಿ. ಎರಡಕ್ಕೂ ಡ್ರಮ್ಸ್ ಬೇಡ. (ಮುಸ್ಲಿಂ ಮದುವೆಗಳ ದಫ್, ಬ್ಯಾರಿ ಹಾಡುಗಳ ತಂಡಗಳ ದಾರಿಯೇ ಬೇರೆ. ಅದನ್ನು ಅಲ್ಲಿಯ ಹಿರಿಯರನ್ನು ಕೇಳಿ ಮಾಡುವುದು ಸರಿ. ಇಲ್ಲಿ ಸೇರಿಸಿಲ್ಲ.)

ಪೂರ್ಣ ಲೈವ್ ಬ್ಯಾಂಡ್

ಡ್ರಮ್ಸ್, ಬಾಸ್ ಗಿಟಾರ್, ಲೀಡ್ ಗಿಟಾರ್, ಕೀಬೋರ್ಡ್, ಇಬ್ಬರು ಹಾಡುಗಾರರು. ಕೆಲವು ತಂಡಗಳಲ್ಲಿ ಟ್ರಂಪೆಟ್ ಅಥವಾ ಸ್ಯಾಕ್ಸೋಫೋನ್ ಕೂಡ. ಆರರಿಂದ ಎಂಟು ಜನ. ಇದರ ದೊಡ್ಡ ಗುಣ ಒಂದೇ, ಅದು ಕಾಯುತ್ತದೆ. ಮದುಮಗಳ ಉದ್ದದ ಗೌನ್ ಬಾಗಿಲಲ್ಲಿ ಸಿಕ್ಕಿಕೊಂಡರೆ ಡ್ರಮ್ಮರ್ ಇನ್ನೊಂದು ಸುತ್ತು ಎಳೆಯುತ್ತಾನೆ. ಅಜ್ಜಿ ಫ್ಲೋರ್‌ಗೆ ಬಂದರೆ ಜೈವ್ ನಿಧಾನವಾಗುತ್ತದೆ. ಜನ ಬಿಸಿಯಾದರೆ ಒಂದು ಹಾಡಿನಿಂದ ಇನ್ನೊಂದಕ್ಕೆ ನಿಲ್ಲಿಸದೆ ಜಾರುತ್ತಾರೆ. ರೆಕಾರ್ಡ್ ಆದ ಹಾಡಿಗೆ ಎದುರಿನ ಜನ ಕಾಣುವುದಿಲ್ಲ. ಕುಣಿಯುವವರಿರುವ ಕಡೆ ಇದಕ್ಕೆ ಸಾಟಿ ಬೇರೆ ಯಾವುದೂ ಇಲ್ಲ. ಈ ಮಾತು ನಾನು ಮನಸಾರೆ ಹೇಳುತ್ತೇನೆ.

ಆದರೆ ಇದು ಜಾಗ ತಿನ್ನುತ್ತದೆ. ಡ್ರಮ್ಸ್ ಸೆಟ್‌ಗೇ ಸುಮಾರು 8 ಅಡಿ ಉದ್ದ 8 ಅಡಿ ಅಗಲ ಬೇಕು. ಇಡೀ ತಂಡಕ್ಕೆ 20 ಅಡಿ ಅಗಲದ ಬೇರೆ ವೇದಿಕೆ ಇದ್ದರೆ ನೆಮ್ಮದಿ. ಮದುಮಕ್ಕಳ ವೇದಿಕೆಯ ಒಂದು ಮೂಲೆಗೆ ಬ್ಯಾಂಡನ್ನು ತುರುಕುವುದು ನಮ್ಮ ಕಡೆ ತುಂಬ ನಡೆಯುತ್ತದೆ. ದಯವಿಟ್ಟು ಬೇಡ. ಫೋಟೋದಲ್ಲಿ ಎಲ್ಲ ಕಡೆ ಸ್ಟ್ಯಾಂಡು, ವಯರ್ ಬರುತ್ತದೆ. ಶುಭಾಶಯ ಹೇಳಲಿಕ್ಕೆ ಬಂದವರ ಕಿವಿಯ ಪಕ್ಕದಲ್ಲೇ ಸಿಂಬಲ್ ಬಡಿಯುತ್ತದೆ. ಸಾಮಾನ್ಯ ಮಾತುಕತೆ ಸುಮಾರು 60 ಡೆಸಿಬೆಲ್. ಡ್ರಮ್ಸ್ ಹತ್ತಿರ 100 ದಾಟುವುದು ಏನೂ ಕಷ್ಟವಿಲ್ಲ, ಅದೂ ಮೈಕ್ ಇಲ್ಲದೆ. ಅಂದರೆ ಸಣ್ಣ ಹಾಲ್‌ನಲ್ಲಿ ಮಿಕ್ಸರ್‌ನವರು ಎಷ್ಟು ಇಳಿಸಿದರೂ ಡ್ರಮ್ಸ್ ಇಳಿಯುವುದಿಲ್ಲ. ಇನ್ನೂರು, ಮುನ್ನೂರು ಜನರ ಹಾಲ್ ಆದರೆ ಎಲೆಕ್ಟ್ರಾನಿಕ್ ಡ್ರಮ್ಸ್ ತರುತ್ತೀರಾ ಅಂತ ಕೇಳಿ. ಅದರ ಸೌಂಡ್ ಪೂರ್ತಿ ಮಿಕ್ಸರ್‌ನ ಕೈಯಲ್ಲಿರುತ್ತದೆ.

ಇನ್ನೊಂದು ವಿಷಯ ಭಾಷೆ. ಕ್ರಿಶ್ಚಿಯನ್ ಮದುವೆಗೆ ಇಂಗ್ಲಿಷ್, ಕೊಂಕಣಿ ಗಟ್ಟಿಯಾಗಿ ಗೊತ್ತಿರುವ ತಂಡ ಬೇಕು. ಬೈಲಾದ ತಾಳ ಬರೀ ಪುಸ್ತಕ ನೋಡಿ ಬರುವಂಥದ್ದಲ್ಲ. ಬೆಂಗಳೂರಿನಿಂದ ಹೆಸರುವಾಸಿ ತಂಡ ಕರೆಸಿ, ಬೈಲಾ ಬಂದಾಗ ಅವರು ತಡವರಿಸಿದ್ದನ್ನು ನೋಡಿದ್ದೇನೆ. ಜನ ಕುಣಿಯಲಿಕ್ಕೆ ಎದ್ದವರು ಹಾಗೇ ನಿಂತುಬಿಟ್ಟರು. ಊರಿನ ತಂಡದವರಿಗೆ ಇದು ಸಣ್ಣಂದಿನಿಂದ ಕೇಳಿ ಬಂದದ್ದು. ಹಾಗಾಗಿ ಈ ಒಂದು ವಿಷಯದಲ್ಲಿ ನಾನು ಊರಿನವರ ಪಕ್ಷ.

ರಸಮಂಜರಿ ತಂಡ

ಜಾತ್ರೆ, ಶಾಲೆಯ ವಾರ್ಷಿಕೋತ್ಸವಗಳಲ್ಲಿ ಕೇಳುವ ಆರ್ಕೆಸ್ಟ್ರಾ ಇದೇ. ಕೀಬೋರ್ಡ್, ರಿದಂ ಪ್ಯಾಡ್, ತಬಲಾ ಅಥವಾ ಢೋಲಕ್, ಒಮ್ಮೊಮ್ಮೆ ಕೊಳಲು. ಮೂರು ನಾಲ್ಕು ಹಾಡುಗಾರರು. ಕನ್ನಡ, ತುಳು, ಹಿಂದಿ, ಕೊಂಕಣಿ, ಮಲಯಾಳ ಎಲ್ಲ ಹಾಡುತ್ತಾರೆ. ನಮ್ಮ ಊರಿನ ಮದುವೆಗೆ ಬರುವ ಜನರೂ ಅಷ್ಟೇ ಭಾಷೆಯವರು, ಹಾಗಾಗಿ ಇದು ಹೊಂದುತ್ತದೆ. ಹಳೆಯ ಚಿತ್ರಗೀತೆ ಶುರುವಾದಾಗ ಹಿಂದಿನ ಸಾಲಿನಲ್ಲಿ ಕೂತ ಅತ್ತೆಯೂ ಗುನುಗುತ್ತಾರೆ. ಬ್ಯಾಂಡ್‌ಗಿಂತ ಜಾಗ ಕಡಿಮೆ ಸಾಕು, ಹೊತ್ತುಕೊಂಡು ಬರುವ ಸಾಮಾನೂ ಕಡಿಮೆ.

ನಮ್ಮ ಮನೆಗಳಲ್ಲಿ ಹಾಡುವವರು ಯಾರಾದರೂ ಇದ್ದೇ ಇರುತ್ತಾರೆ. ಮದುಮಗಳ ಮಾವ ಒಂದು ಹಾಡು ಹಾಡಬೇಕು ಅಂದರೆ ರಸಮಂಜರಿಯವರು ಶ್ರುತಿ ಕೇಳಿಕೊಂಡು ಆ ಕ್ಷಣವೇ ಹಿಡಿಯುತ್ತಾರೆ. ಇಂಥ ಐದು ನಿಮಿಷವನ್ನು ಮನೆಯವರು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ. ಅದಕ್ಕೆ ಒಂದು ಮೈಕ್ ಜಾಸ್ತಿ ಇಡಲಿಕ್ಕೆ ಮೊದಲೇ ಹೇಳಿ.

ಇದರ ಕೊರತೆಯೂ ಗೊತ್ತಿರಲಿ. ಜಾತ್ರೆಯ ಬಯಲಿನಲ್ಲಿ ಹಾಡಿ ಅಭ್ಯಾಸ ಆದವರು ಹಾಲ್‌ನಲ್ಲೂ ಅದೇ ಜೋರಿನಲ್ಲಿ ಹಾಡುತ್ತಾರೆ. ಎರಡು ಹಾಡಿನ ಮಧ್ಯೆ ನಿರೂಪಣೆ ಉದ್ದವಾಗುತ್ತದೆ. ಆರತಕ್ಷತೆಗೆ "ಮಧ್ಯದಲ್ಲಿ ಮಾತು ಬೇಡ, ಮದುಮಕ್ಕಳ ಹೆಸರು ಒಮ್ಮೆ ಹೇಳಿದರೆ ಸಾಕು" ಅಂತ ಸ್ಪಷ್ಟವಾಗಿ ಹೇಳಬೇಕು. ಹೇಳಿದರೆ ಕೇಳುತ್ತಾರೆ. ಹಿಂದೂ ಆರತಕ್ಷತೆಗೆ ಹಾಡು ಬೇಕೇ ಬೇಕು ಅನ್ನುವವರಿಗೆ ಪೂರ್ಣ ಬ್ಯಾಂಡ್‌ಗಿಂತ ಇದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಸ್ಯಾಕ್ಸೋಫೋನ್

ದೊಡ್ಡಪ್ಪನ ಮಾತಿಗೆ ಬರೋಣ. ಸ್ಯಾಕ್ಸೋಫೋನ್ ನಮ್ಮ ಮದುವೆಗಳಲ್ಲಿ ಇಷ್ಟು ಬೇರೂರಿದ್ದಕ್ಕೆ ಒಬ್ಬರೇ ದೊಡ್ಡ ಕಾರಣ, ಕದ್ರಿ ಗೋಪಾಲನಾಥ್. ಬಂಟ್ವಾಳ ತಾಲೂಕಿನಲ್ಲಿ 1949ರಲ್ಲಿ ಹುಟ್ಟಿದವರು. ತಂದೆ ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆಯ ಬ್ಯಾಂಡ್‌ನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತು, ಆ ಪಾಶ್ಚಾತ್ಯ ವಾದ್ಯದಲ್ಲಿ ಗಮಕ ಬರುವ ಹಾಗೆ ಅದನ್ನು ಪಳಗಿಸಿದರು. 1994ರಲ್ಲಿ ಲಂಡನ್‌ನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅವರ ಶಿಷ್ಯರು, ಅವರನ್ನು ಕೇಳಿ ಕಲಿತವರು ಎರಡೂ ಜಿಲ್ಲೆಗಳಲ್ಲಿ ಇದ್ದಾರೆ. ದೇವಸ್ಥಾನದ ಉತ್ಸವದಲ್ಲೂ ಅವರೇ, ಮುಹೂರ್ತಕ್ಕೂ ಅವರೇ.

ಕೇಳುವಾಗ ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ಕರ್ನಾಟಕ ಸಂಗೀತ ನುಡಿಸುವ, ತವಿಲ್ ಅಥವಾ ಡೋಲು ಜೊತೆಗೆ ಬರುವ ತಂಡ ಒಂದು. ಟ್ರ್ಯಾಕ್ ಹಾಕಿಕೊಂಡು ಚಿತ್ರಗೀತೆ ನುಡಿಸುವ ಒಬ್ಬರೇ ಕಲಾವಿದರು ಇನ್ನೊಂದು. ಮೊದಲನೆಯದು ಮುಹೂರ್ತಕ್ಕೆ, ಎರಡನೆಯದು ಸಂಜೆಗೆ. ಫೋನ್‌ನಲ್ಲಿ ಸುಮ್ನೆ "ಸ್ಯಾಕ್ಸೋಫೋನ್ ಬೇಕು" ಅಂದರೆ ಯಾವುದು ಬರುತ್ತದೆ ಅಂತ ಗೊತ್ತಾಗುವುದಿಲ್ಲ.

ಸಾಲು ನಿಲ್ಲುವ ಆರತಕ್ಷತೆಗೆ ಸ್ಯಾಕ್ಸೋಫೋನ್ ತುಂಬಾ ಹಿತ. ಮಾತಿಲ್ಲದ ಸಂಗೀತ, ಹಾಗಾಗಿ ನಮ್ಮ ಮಾತಿಗೆ ಅಡ್ಡ ಬರುವುದಿಲ್ಲ. ಗೊತ್ತಿರುವ ಹಾಡು ಬಂದಾಗ ಮನಸ್ಸು ತಾನಾಗಿ ಆ ಕಡೆ ತಿರುಗುತ್ತದೆ. ಎಚ್ಚರ ಬೇಕಾದ್ದು ಎಸಿ ಹಾಲ್‌ನಲ್ಲಿ. ಗಾಳಿವಾದ್ಯ ತಣ್ಣಗಾದರೆ ಶ್ರುತಿ ಸ್ವಲ್ಪ ಇಳಿಯುತ್ತದೆ, ಟ್ರ್ಯಾಕ್ ಅಥವಾ ಕೀಬೋರ್ಡ್ ಇಳಿಯುವುದಿಲ್ಲ. ನುಡಿಸುವ ಮೊದಲು ಅರ್ಧ ಗಂಟೆ ವಾದ್ಯ ಬಿಸಿ ಮಾಡಿಕೊಳ್ಳಲಿಕ್ಕೆ ಒಂದು ಕೋಣೆ ಕೊಡಿ.

ಅಕೌಸ್ಟಿಕ್ ತಂಡ

ಒಂದು ಗಿಟಾರ್, ಒಂದು ಕಹೋನ್ (ಮೇಲೆ ಕೂತು ಕೈಯಲ್ಲಿ ಬಡಿಯುವ ಮರದ ಪೆಟ್ಟಿಗೆ), ಒಬ್ಬರು ಹಾಡುವವರು. ಹೆಚ್ಚೆಂದರೆ ಪಿಟೀಲು ಅಥವಾ ಕೊಳಲು. ಹೊಸ ಹುಡುಗರು ಇದನ್ನು ಚೆನ್ನಾಗಿ ಮಾಡುತ್ತಿದ್ದಾರೆ. ಇನ್ನೂರು ಜನರ ಒಳಗಿನ ಕಾರ್ಯಕ್ರಮ, ಹಳೆಯ ಮನೆಯ ಅಂಗಳ, ಹೊಳೆಬದಿಯ ರೆಸಾರ್ಟ್, ಇಂಥ ಕಡೆ ಕೇಳಲಿಕ್ಕೆ ಬಲು ಚೆಂದ. ಸಾವಿರ ಜನರ ಹಾಲ್‌ಗೆ ಮಾತ್ರ ಬೇಡ. ಮಾತಿನ ಗದ್ದಲದಲ್ಲಿ ಕಹೋನ್ ಕೇಳಿಸುವುದೇ ಇಲ್ಲ. ಕೇಳಿಸಲಿ ಅಂತ ವಾಲ್ಯೂಮ್ ಏರಿಸಿದರೆ ಅಕೌಸ್ಟಿಕ್ ಗಿಟಾರ್ 'ಕೂಂ' ಅಂತ ಫೀಡ್‌ಬ್ಯಾಕ್ ಕೊಡುತ್ತದೆ.

ಟ್ರ್ಯಾಕ್ ಹಾಡುಗಾರರು ಮತ್ತು ಡಿಜೆ

ಕರೋಕೆ ಟ್ರ್ಯಾಕ್ ಹಾಕಿ ಇಬ್ಬರು ಹಾಡುವುದು ಈಗ ತುಂಬ ಸಾಮಾನ್ಯ. ಖರ್ಚು ಕಡಿಮೆ, ಜಾಗ ಬೇಡ. ಹಾಡುವವರು ಒಳ್ಳೆಯವರಾದರೆ ಕೇಳಲಿಕ್ಕೆ ಏನೂ ಕೊರತೆ ಇಲ್ಲ. ಆದರೆ ಇದನ್ನೇ 'ಲೈವ್ ಬ್ಯಾಂಡ್' ಅಂತ ಹೇಳಿ ಬುಕ್ ಮಾಡಿಸಿಕೊಳ್ಳುವವರೂ ಇದ್ದಾರೆ. ನನ್ನ ಅಣ್ಣನ ಮಗಳ ಮದುವೆಗೆ ಆರು ಜನರ ಬ್ಯಾಂಡ್ ಅಂತ ಅಡ್ವಾನ್ಸ್ ಕೊಟ್ಟಿದ್ದರು. ಬಂದದ್ದು ಇಬ್ಬರು ಹಾಡುಗಾರರು, ಒಂದು ಲ್ಯಾಪ್‌ಟಾಪ್. ಪಕ್ಕದಲ್ಲಿ ಗಿಟಾರ್ ಹಿಡಿದು ನಿಂತವನ ಗಿಟಾರ್‌ಗೆ ವಯರೇ ಇರಲಿಲ್ಲ. ಅತ್ತಿಗೆಗೆ ಆದ ಬೇಸರ ನನಗಿನ್ನೂ ನೆನಪುಂಟು. ಹಾಗಾಗಿ ಎಷ್ಟು ಜನ, ಯಾರು ಯಾವ ವಾದ್ಯ, ಎಲ್ಲವೂ ನಿಜವಾಗಿ ನುಡಿಸುವುದಾ, ಟ್ರ್ಯಾಕ್ ಎಷ್ಟು ಅಂತ ಬಾಯಿಬಿಟ್ಟು ಕೇಳಿ. ಒಳ್ಳೆಯ ಬ್ಯಾಂಡ್‌ಗಳೂ ಕೆಲವು ಹಾಡಿಗೆ ಸ್ವಲ್ಪ ಟ್ರ್ಯಾಕ್ ಬಳಸುತ್ತವೆ. ಅದರಲ್ಲಿ ತಪ್ಪಿಲ್ಲ, ಮೊದಲೇ ಹೇಳಿದರೆ ಸಾಕು.

ಡಿಜೆಯ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಎಲ್ಲ ಭಾಷೆಯ ಹಾಡೂ ಮೂಲ ದನಿಯಲ್ಲೇ ಸಿಗುತ್ತದೆ, ಖರ್ಚು ಕಡಿಮೆ, ಯುವಕರಿಗೆ ಖುಷಿ. ಬ್ಯಾಂಡ್ ಇರುವ ಮದುವೆಯಲ್ಲೂ ತಂಡ ವಿಶ್ರಾಂತಿ ತೆಗೆದುಕೊಳ್ಳುವಾಗ ಡಿಜೆ ಇದ್ದರೆ ಫ್ಲೋರ್ ಖಾಲಿಯಾಗುವುದಿಲ್ಲ. ಬ್ಯಾಂಡ್‌ನ ಸೌಂಡ್‌ನವರೇ ಒಂದು ಹಾಡಿನ ಪಟ್ಟಿ ಹಾಕಿದರೂ ಆದೀತು.

ಮದುಮಗನ ದಿಬ್ಬಣ, ಪ್ರವೇಶಕ್ಕೆ ಚೆಂಡೆ, ನಾಸಿಕ್ ಡೋಲು, ಬ್ರಾಸ್ ಬ್ಯಾಂಡ್ ಎಲ್ಲ ಉಂಟು. ಅದು ಹದಿನೈದು ಇಪ್ಪತ್ತು ನಿಮಿಷದ ಮಾತು. ಗೇಟಿನಿಂದ ಬಾಗಿಲ ತನಕ ಇರಲಿ, ಮುಚ್ಚಿದ ಹಾಲ್‌ನ ಒಳಗೆ ಚೆಂಡೆ ತರಬೇಡಿ. ಕೈಗೂಸುಗಳು ಬೆಚ್ಚಿಬಿದ್ದು ಅಳುತ್ತವೆ.

ಹಾಲ್‌ಗೆ ಒಮ್ಮೆ ಹೋಗಿ ಚಪ್ಪಾಳೆ ತಟ್ಟಿ

ಇದನ್ನು ಯಾರೂ ಮಾಡುವುದಿಲ್ಲ, ಆದ್ದರಿಂದ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಹಾಲ್ ಖಾಲಿ ಇರುವಾಗ ಮಧ್ಯದಲ್ಲಿ ನಿಂತು ಒಂದು ಚಪ್ಪಾಳೆ ಜೋರಾಗಿ ತಟ್ಟಿ. ಸದ್ದು ಕೂಡಲೇ ನಿಂತರೆ ಒಳ್ಳೆಯದು. ಬಾಲ ಎಳೆದುಕೊಂಡು ಹೋದರೆ ಆ ಹಾಲ್‌ನಲ್ಲಿ ಡ್ರಮ್ಸ್ ಮತ್ತು ಬಾಸ್ ಕಲಸಿಹೋಗುತ್ತವೆ. ಗ್ರಾನೈಟ್ ನೆಲ, ಗಾಜಿನ ಗೋಡೆ, ಎತ್ತರದ ಶೀಟಿನ ಮಾಡು, ನಮ್ಮ ಹೊಸ ಹಾಲ್‌ಗಳಲ್ಲಿ ಈ ಮೂರೂ ಒಟ್ಟಿಗೆ ಇರುವುದುಂಟು. ಜನ ತುಂಬಿದ ಮೇಲೆ ಸ್ವಲ್ಪ ಸುಧಾರಿಸುತ್ತದೆ, ಮೈ, ಬಟ್ಟೆ ಸದ್ದನ್ನು ಹೀರಿಕೊಳ್ಳುತ್ತವೆ. ಆದರೆ ಅವು ಹೀರುವುದು ಹೆಚ್ಚಾಗಿ ಮೇಲಿನ ಶ್ರುತಿಯ ಚೂಪು ಸದ್ದನ್ನು. ಬಾಸ್‌ನ ಗುಂಯ್‌ಗುಡುವಿಕೆ ಹಾಗೇ ಉಳಿಯುತ್ತದೆ. ಇಂಥ ಹಾಲ್‌ಗೆ ಪೂರ್ಣ ಬ್ಯಾಂಡ್ ಬೇಡ, ಸ್ಯಾಕ್ಸೋಫೋನ್ ಅಥವಾ ರಸಮಂಜರಿ ಇರಲಿ.

ಹಾಲ್ ಉದ್ದವಾಗಿದ್ದರೆ ಇನ್ನೊಂದು ತೊಂದರೆ. ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ವೇದಿಕೆಯಿಂದ 35 ಮೀಟರ್ ಹಿಂದೆ ಕೂತವರಿಗೆ ಸದ್ದು ತಲುಪಲಿಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಆದರೆ ಅಲ್ಲೇ ಹಿಂದೆ ಇಟ್ಟ ಸ್ಪೀಕರ್‌ನ ಸದ್ದು ಕೂಡಲೇ ತಲುಪುತ್ತದೆ. ಒಂದೇ ಮಾತು ಎರಡು ಸಲ ಕೇಳುತ್ತದೆ, ಏನು ಹೇಳಿದರು ಅಂತ ಗೊತ್ತಾಗುವುದಿಲ್ಲ. ಹಿಂದಿನ ಸ್ಪೀಕರ್‌ಗೆ ಅಷ್ಟೇ ಹೊತ್ತು ಡಿಲೇ ಕೊಡಬೇಕು. ಸೌಂಡ್‌ನವರಿಗೆ "ಹಿಂದಿನ ಬಾಕ್ಸ್‌ಗೆ ಡಿಲೇ ಹಾಕ್ತೀರಾ?" ಅಂತ ಕೇಳಿ ನೋಡಿ. ತಕ್ಷಣ ಉತ್ತರ ಕೊಟ್ಟರೆ ಅವರು ಕೆಲಸ ಗೊತ್ತಿರುವವರು. ನನ್ನ ಮಟ್ಟಿಗೆ ಮಧ್ಯಮ ಬ್ಯಾಂಡ್ ಮತ್ತು ಒಳ್ಳೆಯ ಸೌಂಡ್, ಒಳ್ಳೆಯ ಬ್ಯಾಂಡ್ ಮತ್ತು ಕೆಟ್ಟ ಸೌಂಡ್‌ಗಿಂತ ಯಾವತ್ತೂ ಮೇಲು. ಖರ್ಚು ಕಡಿಮೆ ಮಾಡಬೇಕಾದರೆ ತಂಡದಲ್ಲಿ ಒಬ್ಬರನ್ನು ಕಡಿಮೆ ಮಾಡಿ, ಸೌಂಡ್‌ನಲ್ಲಿ ಜಿಪುಣತನ ಮಾಡಬೇಡಿ.

ಕರೆಂಟ್‌ನ ವಿಷಯವನ್ನು ಹಾಲ್‌ನ ಎಲೆಕ್ಟ್ರಿಷಿಯನ್ ಹತ್ತಿರವೇ ಕೇಳಿ, ಮ್ಯಾನೇಜರ್ ಹತ್ತಿರ ಅಲ್ಲ. ಬ್ಯಾಂಡ್‌ಗೆ ಬೇರೆ ಲೈನ್ ಇರಬೇಕು. ಅಲಂಕಾರದ ಲೈಟು, ಕ್ಯಾಟರಿಂಗ್‌ನ ಬಿಸಿ ಮಾಡುವ ಪೆಟ್ಟಿಗೆ, ಬ್ಯಾಂಡ್ ಎಲ್ಲ ಒಂದೇ ಲೈನ್‌ನಲ್ಲಿ ಇದ್ದರೆ ಸ್ಪೀಕರ್‌ನಲ್ಲಿ ಗುಂಯ್ ಅನ್ನುತ್ತದೆ, ಇಲ್ಲ ಟ್ರಿಪ್ ಆಗುತ್ತದೆ. ಮೆಸ್ಕಾಂ ಕರೆಂಟ್ ಹೋದರೆ ಜನರೇಟರ್ ಬರಲಿಕ್ಕೆ ಎಷ್ಟು ಹೊತ್ತು, ವೇದಿಕೆಯ ಪ್ಲಗ್‌ಗೆ ಜನರೇಟರ್ ಉಂಟಾ ಅಂತಲೂ ಕೇಳಿ. ಕೆಲವು ಕಡೆ ಲೈಟಿಗೆ ಮಾತ್ರ ಇರುತ್ತದೆ.

ಮಲ್ಪೆ, ತಣ್ಣೀರುಬಾವಿ ಕಡೆಯ ಕಡಲತೀರದಲ್ಲಿ ರಿಸೆಪ್ಷನ್ ಇಡುವವರು ಜಾಸ್ತಿ ಆಗಿದ್ದಾರೆ. ನೋಡಲಿಕ್ಕೆ ಚೆಂದ. ಆದರೆ ಸಂಜೆಯ ಗಾಳಿ ಮೈಕ್‌ಗೆ ನೇರ ಬಡಿಯುತ್ತದೆ, ಉಪ್ಪು ತೇವಕ್ಕೆ ಗಿಟಾರ್ ತಂತಿಯ ಶ್ರುತಿ ನಿಲ್ಲುವುದಿಲ್ಲ. ಗೋಡೆ ಇಲ್ಲದ ಕಾರಣ ಬಾಸ್ ಹಾರಿಹೋಗುತ್ತದೆ, ಅದಕ್ಕೆ ದೊಡ್ಡ ಸೌಂಡ್ ಬೇಕು. ಮೇ ತಿಂಗಳಲ್ಲಂತೂ ಸಂಜೆ ಗುಡುಗು ಮಳೆ ಯಾವಾಗ ಬರುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ಬ್ಯಾಂಡ್‌ನ ವೇದಿಕೆಗೆ ಮಾಡು ಇರಲೇಬೇಕು. ಬಟ್ಟೆಯ ಶಾಮಿಯಾನ ಸಾಲದು.

ಹತ್ತು ಗಂಟೆ ಮತ್ತು ಲೈಸೆನ್ಸ್

2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಬಳಸುವ ಹಾಗಿಲ್ಲ. ಸಭಾಂಗಣ, ಬ್ಯಾಂಕ್ವೆಟ್ ಹಾಲ್‌ಗಳಂಥ ಮುಚ್ಚಿದ ಜಾಗದ ಒಳಗೆ ಮಾತ್ರ ರಿಯಾಯಿತಿ ಉಂಟು. ಅಂಗಳ, ಟೆರೇಸ್, ಕಡಲತೀರ, ಲಾನ್ ಇದರಲ್ಲಿ ಬರುವುದಿಲ್ಲ. ಧ್ವನಿವರ್ಧಕಕ್ಕೆ ಮೊದಲೇ ಲಿಖಿತ ಅನುಮತಿಯೂ ಬೇಕು. ಆಸ್ಪತ್ರೆ, ಶಾಲೆ, ಕೋರ್ಟ್‌ಗಳ ಸುತ್ತ 100 ಮೀಟರ್‌ವರೆಗೆ ನಿಶ್ಶಬ್ದ ವಲಯ ಇರಬಹುದು. ಮಂಗಳೂರು, ಮಣಿಪಾಲಗಳಲ್ಲಿ ಆಸ್ಪತ್ರೆ ಇಲ್ಲದ ರಸ್ತೆ ಹುಡುಕುವುದೇ ಕಷ್ಟ. ಹಾಗಾಗಿ ಹಾಲ್‌ನವರನ್ನು ಇದನ್ನು ಕೇಳಲೇಬೇಕು. ತೆರೆದ ಜಾಗ ಆದರೆ ಕುಣಿತವನ್ನು 8 ಗಂಟೆಗೇ ಶುರು ಮಾಡಿ, ಊಟವನ್ನು ಆಮೇಲೆ ಇಡಿ. ಊಟ ಮುಗಿಸಿ ಕುಣಿಯೋಣ ಅಂತ ಇಟ್ಟುಕೊಂಡರೆ ಫ್ಲೋರ್ ಬಿಸಿಯಾಗುವ ಹೊತ್ತಿಗೆ ನಿಲ್ಲಿಸಬೇಕಾಗುತ್ತದೆ.

ಕೆಲವು ಹೋಟೆಲ್‌ಗಳು ಹಾಡು ನುಡಿಸಲಿಕ್ಕೆ ಕಾಪಿರೈಟ್ ಲೈಸೆನ್ಸ್ ತನ್ನಿ ಅನ್ನುತ್ತವೆ. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಧಾರ್ಮಿಕ ವಿಧಿಗಳಿಗೆ ವಿನಾಯಿತಿ ಕೊಟ್ಟಿದೆ. ಮದುವೆಯ ಮೆರವಣಿಗೆ ಮತ್ತು ಮದುವೆಗೆ ಸೇರಿದ ಇತರ ಸಮಾರಂಭಗಳೂ ಅದರಲ್ಲಿ ಬರುತ್ತವೆ ಅಂತ ಅಲ್ಲೇ ವಿವರಣೆ ಇದೆ. 2023ರ ಜುಲೈಯಲ್ಲಿ ಕೇಂದ್ರ ಸರ್ಕಾರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ (ಡಿಪಿಐಐಟಿ) ಪ್ರಕಟಣೆ ಹೊರಡಿಸಿ ಇದನ್ನೇ ಮತ್ತೆ ಹೇಳಿತು. ಆ ಪ್ರಕಟಣೆಯ ಪ್ರತಿ ಇಟ್ಟುಕೊಂಡು ಹೋಟೆಲ್‌ನವರ ಹತ್ತಿರ ಮಾತಾಡಿ. ಹಾಲ್ ಬುಕ್ ಮಾಡುವ ಹೊತ್ತಿಗೇ ಮಾತಾಡಿದರೆ ಜಗಳ ಆಗುವುದಿಲ್ಲ.

ದಿನ ಮತ್ತು ದುಡ್ಡು

ರೇಟ್ ತಂಡದಿಂದ ತಂಡಕ್ಕೆ, ದಿನದಿಂದ ದಿನಕ್ಕೆ ಬೇರೆ. ಹಾಗಾಗಿ ಮೊತ್ತ ಬರೆಯುವುದಿಲ್ಲ. ಏನು ಸೇರಿದೆ ಅಂತ ಬಿಡಿಸಿ ಕೇಳುವುದು ಮುಖ್ಯ. ತಂಡದ ಸಂಭಾವನೆ ಎಷ್ಟು, ಸೌಂಡ್ ಅದರಲ್ಲೇ ಬಂತಾ ಬೇರೆಯಾ, ಲೈಟ್ ಯಾರದ್ದು, ಗಾಡಿ ಬಾಡಿಗೆ ಯಾರದ್ದು, ಎಷ್ಟು ಗಂಟೆಯ ತನಕ, ಮೀರಿದರೆ ಗಂಟೆಗೆ ಎಷ್ಟು. ಮಂಗಳೂರಿನ ತಂಡ ಉಡುಪಿಗೆ ಬರಬೇಕಾದರೆ ಸುಮಾರು 55 ಕಿಲೋಮೀಟರ್, ಕುಂದಾಪುರ ಇನ್ನೂ ಮುಂದೆ. ರಾತ್ರಿ ವಾಪಸ್ ಹೋಗಬೇಕು. ಅದರ ಖರ್ಚು ಎಲ್ಲೋ ಒಂದು ಕಡೆ ಸೇರಿಯೇ ಇರುತ್ತದೆ. ಬಿಲ್ ಬೇಕಾದರೆ ಜಿಎಸ್‌ಟಿ ಸೇರಿಸಿ ಹೇಳಿದ್ದಾ ಅಂತಲೂ ಕೇಳಿ. ನೋಂದಣಿ ಇರುವ ಬ್ಯಾಂಡ್ ಆದರೆ 18 ಪರ್ಸೆಂಟ್ ಮೇಲೆ ಬರುತ್ತದೆ. ಶಾಸ್ತ್ರೀಯ ಅಥವಾ ಜಾನಪದ ಕಲಾವಿದರಿಗೆ ಒಂದು ಕಾರ್ಯಕ್ರಮಕ್ಕೆ 1.5 ಲಕ್ಷ ರೂಪಾಯಿಯವರೆಗೆ ವಿನಾಯಿತಿ ಉಂಟು.

ದಿನದ ವಿಷಯದಲ್ಲಿ ನಮ್ಮ ಊರಿನ ಕ್ಯಾಲೆಂಡರ್ ನೋಡಬೇಕು. ಆಟಿ ತಿಂಗಳಲ್ಲಿ (ಸುಮಾರು ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ) ಹಿಂದೂ ಮದುವೆ ಇಲ್ಲ. ಅಡ್ವೆಂಟ್ (ಕ್ರಿಸ್‌ಮಸ್ ಮೊದಲಿನ ವಾರಗಳು) ಮತ್ತು ಈಸ್ಟರ್ ಮೊದಲಿನ ಉಪವಾಸ ಕಾಲದಲ್ಲಿ ಕ್ರಿಶ್ಚಿಯನ್ನರು ಸಾಮಾನ್ಯವಾಗಿ ಮದುವೆ ಇಡುವುದಿಲ್ಲ. ಹಾಗಾಗಿ ಕ್ರಿಸ್‌ಮಸ್ ಮುಗಿದ ಮೇಲಿನ ವಾರಗಳು, ಈಸ್ಟರ್ ನಂತರದಿಂದ ಮೇ ಕೊನೆಯ ತನಕ ಎಲ್ಲರಿಗೂ ಬ್ಯಾಂಡ್ ಬೇಕು. ಅದೇ ತಿಂಗಳುಗಳಲ್ಲಿ ಕೋಲ, ಜಾತ್ರೆ, ಬ್ರಹ್ಮಕಲಶ, ಯಕ್ಷಗಾನ ಎಲ್ಲ ಇರುತ್ತದೆ. ಬ್ಯಾಂಡ್ ಸಿಕ್ಕಿದರೂ ಒಳ್ಳೆಯ ಸೌಂಡ್‌ನವರು ಸಿಗುವುದಿಲ್ಲ. ಉಡುಪಿಯಲ್ಲಿ ಪರ್ಯಾಯ (ಕೃಷ್ಣಮಠದ ಪೂಜೆಯ ಅಧಿಕಾರ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ) ಇರುವ ವರ್ಷ, ಅಂದರೆ ಎರಡು ವರ್ಷಕ್ಕೊಮ್ಮೆ ಜನವರಿ 18ರ ಆಸುಪಾಸು, ರಸ್ತೆಯೂ ತುಂಬಿರುತ್ತದೆ, ರೂಮೂ ಸಿಗುವುದಿಲ್ಲ. ಹಾಲ್ ಬುಕ್ ಆದ ವಾರವೇ ಬ್ಯಾಂಡ್‌ಗೂ ಫೋನ್ ಮಾಡಿ.

ಕೇಳಿ ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ

ಇನ್‌ಸ್ಟಾಗ್ರಾಂನ ವಿಡಿಯೋ ನೋಡಿ ತೀರ್ಮಾನ ಮಾಡಬೇಡಿ. ಅದರಲ್ಲಿ ಎಷ್ಟೋ ಸಲ ದನಿಯನ್ನು ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿ ಸೇರಿಸಿರುತ್ತಾರೆ. ಯಾರಾದರೂ ಅತಿಥಿ ಮೊಬೈಲ್‌ನಲ್ಲಿ ತೆಗೆದ ವಿಡಿಯೋ ಕೇಳಿ ತರಿಸಿ. ಹಿಂದಿನಿಂದ ಜನರ ಮಾತು, ಪಾತ್ರೆಯ ಸದ್ದು ಕೇಳಿಸುತ್ತಿರಬೇಕು. ಅದರಲ್ಲೂ ಹಾಡು ಸ್ಪಷ್ಟವಾಗಿದ್ದರೆ ತಂಡ ಗಟ್ಟಿ. ಸಾಧ್ಯವಾದರೆ ಅವರು ನುಡಿಸುವ ಇನ್ನೊಂದು ಮದುವೆಯ ದಿನ ಸೌಂಡ್ ಚೆಕ್‌ಗೆ ಬರಬಹುದಾ ಅಂತ ಕೇಳಿ. ಹಾಡು ಶುರುವಾಗುವ ಮೊದಲು ತಂಡದವರು ಒಬ್ಬರಿಗೊಬ್ಬರು ಹೇಗೆ ಮಾತಾಡುತ್ತಾರೆ ಅನ್ನುವುದರಲ್ಲೇ ತುಂಬ ಗೊತ್ತಾಗುತ್ತದೆ.

ವಿಡಿಯೋದಲ್ಲಿ ಹಾಡಿದವರೇ ಬರುತ್ತಾರಾ ಅಂತ ಕೇಳಿ, ಹೆಸರು ಬರೆಸಿಕೊಳ್ಳಿ. ಸೀಸನ್‌ನಲ್ಲಿ ಒಂದೇ ತಂಡದ ಹೆಸರಿನಲ್ಲಿ ಎರಡು ಗುಂಪು ಎರಡು ಕಡೆ ಹೋಗುವುದುಂಟು. ವಾಟ್ಸಾಪ್‌ನಲ್ಲಿ ಬರೆದರೂ ಸಾಕು, ಆದರೆ ಬರೆದಿರಬೇಕು. ದಿನ, ಹಾಲ್, ಬರುವ ಹೊತ್ತು, ಶುರು ಮಾಡುವ ಹೊತ್ತು, ಜನ, ವಾದ್ಯ, ಕೊಟ್ಟ ಅಡ್ವಾನ್ಸ್, ಮದುವೆ ಮುಂದೆ ಹೋದರೆ ಅಡ್ವಾನ್ಸ್ ಏನಾಗುತ್ತದೆ. ಹಾಡಿನ ಪಟ್ಟಿ ಕೊಡುವಾಗ ಬೇಕೇಬೇಕು ಅನ್ನುವ ಹತ್ತು, ಬೇಡವೇ ಬೇಡ ಅನ್ನುವ ಕೆಲವು ಹೇಳಿ. ಉಳಿದದ್ದನ್ನು ಅವರಿಗೆ ಬಿಡಿ. ಎಲ್ಲ ಹಾಡನ್ನೂ ನೀವೇ ಕ್ರಮವಾಗಿ ಬರೆದುಕೊಟ್ಟರೆ ಬ್ಯಾಂಡ್ ಜನರನ್ನು ನೋಡುವುದು ಬಿಟ್ಟು ಕಾಗದ ನೋಡುತ್ತದೆ.

ಮದುವೆಯ ದಿನ ತಂಡದವರು ಜನ ಬರುವ ಎರಡು ಗಂಟೆ ಮೊದಲೇ ಹಾಲ್‌ನಲ್ಲಿ ಇರಬೇಕು. ಕಟ್ಟಲಿಕ್ಕೆ ಒಂದು ಗಂಟೆ, ಸೌಂಡ್ ಚೆಕ್‌ಗೆ ಮುಕ್ಕಾಲು ಗಂಟೆ. ಅದಕ್ಕೆ ಹೂವಿನವರ ಕೆಲಸ ಅಷ್ಟು ಹೊತ್ತಿಗೆ ಮುಗಿದಿರಬೇಕು. ಹೂವಿನವರಿಗೂ ಬ್ಯಾಂಡ್‌ನವರಿಗೂ ಒಂದೇ ಹೊತ್ತಿಗೆ ವೇದಿಕೆ ಕೊಟ್ಟು ಜಗಳ ತಂದುಕೊಳ್ಳಬೇಡಿ. ಮನೆಯಿಂದ ಒಬ್ಬರನ್ನು, ಒಬ್ಬರನ್ನೇ, ಬ್ಯಾಂಡ್‌ಗೆ ಅಂತ ಗೊತ್ತುಮಾಡಿ. "ಇನ್ನು ಸ್ವಲ್ಪ ಕಡಿಮೆ ಮಾಡಿ", "ಈಗ ಆ ಹಾಡು" ಅಂತ ಹೇಳುವವರು ಅವರೇ ಆಗಿರಲಿ. ಐದು ಜನ ಬಂದು ಐದು ಮಾತು ಹೇಳಿದರೆ ನುಡಿಸುವವರಿಗೆ ದಿಕ್ಕು ತೋಚುವುದಿಲ್ಲ.

ತಂಡದವರ ಊಟವನ್ನು ಕೊನೆಗೆ ಉಳಿಸಬೇಡಿ. ಸಂಜೆ 4 ಗಂಟೆಗೆ ಬಂದವರು ರಾತ್ರಿ 11ಕ್ಕೆ ಸಾಮಾನು ಕಟ್ಟುತ್ತಾರೆ. ಆ ಹೊತ್ತಿಗೆ ಕೌಂಟರ್ ಮುಚ್ಚಿ ಪಾತ್ರೆ ತೊಳೆಯುತ್ತಿರುತ್ತಾರೆ. ಮಧ್ಯದ ವಿಶ್ರಾಂತಿಯಲ್ಲಿ ಊಟ, ಇಲ್ಲದಿದ್ದರೆ ಚಹಾ ತಿಂಡಿ ಕೊಡಿಸಲಿಕ್ಕೆ ಅಡುಗೆಯವರ ಹತ್ತಿರ ಮೊದಲೇ ಹೇಳಿ. ಸೌಂಡ್‌ನ ಹುಡುಗರನ್ನು, ಗಾಡಿಯ ಡ್ರೈವರನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ. ಉಳಿದ ಹಣವನ್ನು ಒಂದು ಕವರ್‌ನಲ್ಲಿ ಹಾಕಿ, ಮದುಮಗನ ಅಪ್ಪನ ಜೇಬಿನಲ್ಲಿ ಅಲ್ಲ, ಬ್ಯಾಂಡ್ ನೋಡಿಕೊಳ್ಳುವವರ ಕೈಯಲ್ಲೇ ಇಡಿ. ಅಪ್ಪ ಆ ಹೊತ್ತಿಗೆ ಗೇಟಿನಲ್ಲಿ ನೆಂಟರನ್ನು ಕಳಿಸಿಕೊಡುತ್ತಿರುತ್ತಾರೆ.